ನೆರಿಯದ ಪಂಪು, ದೊಡ್ಡಪ್ಪನ ಪ್ರೆಶರು

ಚಾರ್ಮಾಡಿ ಘಾಟಿಯ ಬುಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ನೆರಿಯ ಗ್ರಾಮದಲ್ಲಿ ಒಂದು ಪಂಪಿಂಗ್ ಸ್ಟೇಷನ್ ಉಂಟು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಸುಮಾರು 360 ಕಿ.ಮೀ. ಉದ್ದದ ಪೈಪ್‌ಲೈನ್ ಘಟ್ಟ ಹತ್ತುವ ಮೊದಲು ಇಲ್ಲಿ ಒಮ್ಮೆ ದಮ್ಮು ಕಟ್ಟಿಕೊಳ್ಳುತ್ತದೆ. ಲೆಕ್ಕ ಸುಲಭ. ಡೀಸೆಲನ್ನು 100 ಮೀಟರ್ ಮೇಲಕ್ಕೆ ಎತ್ತಬೇಕಾದರೆ ಬರೀ ಎತ್ತರಕ್ಕೇ ಸುಮಾರು 8 ಬಾರ್ ಒತ್ತಡ ಬೇಕು. ಕೊಳವೆಯೊಳಗಿನ ಘರ್ಷಣೆಯ ಲೆಕ್ಕ ಬೇರೆ. ಮುಂದಿರುವುದು ಸಹ್ಯಾದ್ರಿ. ಆಚೆ ಬದಿಗೆ ಅಷ್ಟೇ ಎಣ್ಣೆ ತಲುಪಬೇಕಾದರೆ ಈಚೆ ಬದಿಯಲ್ಲಿ ಒತ್ತಡ ಏರಲೇಬೇಕು.

ಈ ಕೊನೆಯ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಮ್ಮ ಬಳಗದ ಒಬ್ಬನ ಮನೆ ಇರುವುದು ನೆರಿಯದಲ್ಲಿ. ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ದೆವು. ಅವನ ದೊಡ್ಡಪ್ಪನಿಗೆ ಕಿಡ್ನಿ ವೈಫಲ್ಯ, ನಾಲ್ಕನೇ ಹಂತ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಆದಷ್ಟು ದಿನ ಮುಂದೂಡುವ ಪ್ರಯತ್ನದಲ್ಲಿದ್ದಾರೆ. ಮಾತಾಡ್ತಾ ಮಾತಾಡ್ತಾ ಅವರು ಒಂದು ವಿಷಯ ಹೇಳಿದರು: ಬಿಪಿಗೆ ಕೊಟ್ಟ ನಾಲ್ಕು ಮಾತ್ರೆಗಳಲ್ಲಿ ಎರಡನ್ನು ತಾವೇ ನಿಲ್ಲಿಸಿದ್ದಾರಂತೆ. "ಒಂದೇ ಪ್ರೆಶರಿಗೆ ನಾಲ್ಕು ಮಾತ್ರೆ ಎಂತಕ್ಕೆ ಮಕ್ಳೇ? ಒಂದು ತಿಂದ್ರೆ ರಾತ್ರಿ ಎದ್ದು ಎದ್ದು ಸಾಕಾಗ್ತದೆ. ಇನ್ನೊಂದು ತಿಂದ ಮೇಲೆ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಏರಿತ್ತು. ಹಾಳಾದದ್ದು ಕಿಡ್ನಿ ಅಲ್ವಾ, ಪ್ರೆಶರ್ ಯಾಕೆ ಏರುವುದು? ನೀವು ಇಂಜಿನಿಯರಿಂಗ್ ಕಲಿಯುವವರು, ಹೇಳಿ ನೋಡುವ."

ಹೇಳಲು ನಮಗೆ ಆಗಲಿಲ್ಲ. ನಾವು ಹೇಳಿದ್ದು ಒಂದೇ, ನಿಲ್ಲಿಸಿದ್ದನ್ನು ನಾಳೆಯೇ ಡಾಕ್ಟರಿಗೆ ತಿಳಿಸಿ ಅಂತ. ವಾಪಸ್ ಬಂದು ಶರೀರಶಾಸ್ತ್ರದ ಪುಸ್ತಕ ತೆಗೆದು ಕೂತಾಗ ಗೊತ್ತಾಯಿತು, ಇದು ಹೆಚ್ಚುಕಡಿಮೆ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನದೇ ಪ್ರಶ್ನೆ.

ಕಿಡ್ನಿ ಅಂದರೆ ಕಸ ಸೋಸುವ ಜರಡಿ ಅಂತ ನಾವು ಶಾಲೆಯಲ್ಲಿ ಕಲಿತದ್ದು. ಅದು ಅರ್ಧ ಸತ್ಯ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ಹೃದಯ ಪಂಪ್ ಮಾಡುವ ರಕ್ತದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಈ ಎರಡು ಪುಟ್ಟ ಅಂಗಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಕೆಳಗಿಳಿಯುತ್ತದೆ. ಅದರಲ್ಲಿರುವ ಉಪ್ಪನ್ನು ತೂಗಿದರೆ ಸುಮಾರು ಒಂದೂವರೆ ಕೆಜಿ! ಅದರಲ್ಲಿ ನೂರಕ್ಕೆ 99ಕ್ಕೂ ಹೆಚ್ಚನ್ನು ಕಿಡ್ನಿ ವಾಪಸ್ ಎಳೆದುಕೊಳ್ಳುತ್ತದೆ, ನಾವು ಆ ದಿನ ತಿಂದಷ್ಟನ್ನು ಮಾತ್ರ ಹೊರಗೆ ಬಿಡುತ್ತದೆ. ಆ ಕೊನೆಯ ಒಂದು ಪರ್ಸೆಂಟಿನಲ್ಲಿ ಸ್ವಲ್ಪ ತಪ್ಪಿದರೆ ಏನಾಗಬಹುದು ಅಂತ ಅಂದಾಜು ಮಾಡಿ.

ದೇಹದ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು. ಈ ಸಾಂದ್ರತೆಯನ್ನು ಬಿಟ್ಟುಕೊಡಲು ದೇಹ ಒಪ್ಪುವುದಿಲ್ಲ. ಉಪ್ಪು ಉಳಿದರೆ ಬಾಯಾರಿಕೆ ಆಗುತ್ತದೆ, ನೀರು ಕುಡಿಯುತ್ತೇವೆ, ನೀರೂ ಉಳಿಯುತ್ತದೆ. ದಿನಕ್ಕೆ ಎರಡೇ ಗ್ರಾಂ ಉಪ್ಪು ಹೊರಹೋಗದೆ ಉಳಿದರೂ ಐದು ದಿನಕ್ಕೆ ಒಂದು ಲೀಟರ್ ದಾಟುತ್ತದೆ. ಸಂಜೆ ಹೊತ್ತಿಗೆ ದೊಡ್ಡಪ್ಪನ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುವುದು ಇದೇ ಲೀಟರುಗಳಿಂದ.

ಹಾಗಾದರೆ ನೀರು ಏರುತ್ತಾ ಏರುತ್ತಾ ಮನುಷ್ಯ ಒಡೆದುಹೋಗಬೇಕಿತ್ತಲ್ಲ, ಯಾಕೆ ಹೋಗುವುದಿಲ್ಲ? ಇಲ್ಲಿಗೆ ಬರುವುದು ಆರ್ಥರ್ ಗೈಟನ್. ಮೆಡಿಕಲ್ ಓದುವ ನಿಮ್ಮ ಗೆಳೆಯರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಶರೀರಶಾಸ್ತ್ರದ ಪುಸ್ತಕ ಇರ್ತದಲ್ಲ, ಅದನ್ನು ಬರೆದವರು. ಸರ್ಜನ್ ಆಗಲು ಹೊರಟಿದ್ದವರಿಗೆ 1946ರಲ್ಲಿ ಪೋಲಿಯೊ ತಗುಲಿತು. ಅಮೆರಿಕದ ಮಿಸಿಸಿಪ್ಪಿಗೆ ಮರಳಿ ಸಂಶೋಧನೆಗೆ ಇಳಿದರು. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿಯುವ ಜಾತಿಯ ಡಾಕ್ಟರು. ತಮಗೆ ಬೇಕಾದ ಮೋಟಾರು ಗಾಲಿಕುರ್ಚಿಯನ್ನು ತಾವೇ ವಿನ್ಯಾಸ ಮಾಡಿಕೊಂಡವರು. 1972ರಲ್ಲಿ ಕೋಲ್‌ಮನ್, ಗ್ರೇಂಜರ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ ಇಡೀ ರಕ್ತಪರಿಚಲನೆಯ ಬ್ಲಾಕ್ ಡಯಾಗ್ರಾಮ್ ಪ್ರಕಟಿಸಿದರು. ನೂರಾರು ಬ್ಲಾಕುಗಳು, ಗುಣಕಗಳು, ಇಂಟಿಗ್ರೇಟರ್‌ಗಳು. ನೋಡಿದರೆ ಡಾಕ್ಟರುಗಳಿಗಿಂತ ನಮಗೇ ಹೆಚ್ಚು ಹಿತವಾಗುವ ಚಿತ್ರ.

ಅದರ ತಿರುಳು ಇಷ್ಟು. ಒಂದು ಗ್ರಾಫ್ ಹಾಕಿ. ಅಡ್ಡಕ್ಕೆ ರಕ್ತದೊತ್ತಡ, ಉದ್ದಕ್ಕೆ ಉಪ್ಪು. ಕಿಡ್ನಿ ಎಷ್ಟು ಒತ್ತಡಕ್ಕೆ ಎಷ್ಟು ಉಪ್ಪು ಹೊರಹಾಕುತ್ತದೆ ಎನ್ನುವುದು ಒಂದು ಗೆರೆ. ಒತ್ತಡ ಹೆಚ್ಚಾದಷ್ಟೂ ಉಪ್ಪು ಜಾಸ್ತಿ ಹೊರಗೆ. ದಿನಕ್ಕೆ ನಾವು ತಿನ್ನುವ ಉಪ್ಪು ಇನ್ನೊಂದು ಗೆರೆ, ಅದು ಅಡ್ಡಡ್ಡ. ಎರಡೂ ಎಲ್ಲಿ ಕೂಡುತ್ತವೋ ಅಲ್ಲೇ ನಮ್ಮ ದೀರ್ಘಕಾಲದ ಬಿಪಿ ಬಂದು ನಿಲ್ಲುತ್ತದೆ. ಒತ್ತಡ ಅದಕ್ಕಿಂತ ಮೇಲಿದ್ದರೆ ಉಪ್ಪು–ನೀರು ಹೆಚ್ಚು ಹೋಗಿ ಕೆಳಗಿಳಿಯುತ್ತದೆ, ಕೆಳಗಿದ್ದರೆ ಉಳಿದು ಮೇಲೇರುತ್ತದೆ. ದೋಷ ಪೂರ್ತಿ ಸೊನ್ನೆಯಾಗುವ ತನಕ ಕೆಲಸ ನಿಲ್ಲಿಸದ ಇಂಟಿಗ್ರಲ್ ಕಂಟ್ರೋಲರ್. ಹೃದಯ ಎಷ್ಟೇ ಜೋರಾಗಿ ಬಡಿಯಲಿ, ನರಗಳು ಏನೇ ಮಾಡಲಿ, ತಿಂಗಳುಗಟ್ಟಲೆಯ ಲೆಕ್ಕದಲ್ಲಿ ಸೆಟ್ ಪಾಯಿಂಟ್ ಕಿಡ್ನಿಯದ್ದು ಎಂಬುದು ಗೈಟನ್ ವಾದ. ಇದನ್ನು ಪೂರ್ತಿ ಒಪ್ಪದ ವಿಜ್ಞಾನಿಗಳೂ ಇದ್ದಾರೆ, ರಕ್ತನಾಳ ಮತ್ತು ನರಗಳಿಗೆ ಇನ್ನಷ್ಟು ಪಾಲು ಕೊಡಬೇಕು ಎನ್ನುವವರು. ಆದರೆ ಕಿಡ್ನಿ ರೋಗಿಯ ವಿಷಯದಲ್ಲಿ ಈ ಗ್ರಾಫ್ ಬಹಳ ದೂರ ನಮ್ಮನ್ನು ಕರೆದೊಯ್ಯುತ್ತದೆ.

ನೆಫ್ರಾನ್‌ಗಳು ಸಾಯುತ್ತಾ ಹೋದ ಹಾಗೆ ಕಿಡ್ನಿಯ ಗೆರೆ ಬಲಕ್ಕೆ ಸರಿಯುತ್ತದೆ, ಜೊತೆಗೆ ಮಲಗುತ್ತದೆ. ಮೊದಲು 8 ಗ್ರಾಂ ಉಪ್ಪನ್ನು ಹೊರಹಾಕಲು 120 ಒತ್ತಡ ಸಾಕಿತ್ತು ಎಂದಿಟ್ಟುಕೊಳ್ಳಿ, ಈಗ ಅಷ್ಟೇ ಉಪ್ಪಿಗೆ 160 ಬೇಕು. ನೆರಿಯದ ಪಂಪಿನ ಕಥೆಯೇ: ಆಚೆ ಬದಿಗೆ ಅಷ್ಟೇ ಹೋಗಬೇಕಾದರೆ ಈಚೆ ಬದಿಯಲ್ಲಿ ಒತ್ತಡ ಏರಲೇಬೇಕು. ಬಿಪಿ ಏರಿದ್ದು ಯಂತ್ರ ಕೆಟ್ಟದ್ದರಿಂದ ಅಂತ ಅಂದುಕೊಂಡಿದ್ದೆವು. ಒಂದು ಅರ್ಥದಲ್ಲಿ ಅದು ಕೆಟ್ಟ ಯಂತ್ರ ತನ್ನ ಕೆಲಸ ಮಾಡಿ ಮುಗಿಸಲು ಕೇಳುತ್ತಿರುವ ಬೆಲೆ. ಅದನ್ನು ಕೊಡುವವು ಮಾತ್ರ ಹೃದಯ, ಮೆದುಳು, ಕಣ್ಣು.

ಗೆರೆ ಮಲಗುವುದೂ ಮುಖ್ಯ. ಗಟ್ಟಿ ಕಿಡ್ನಿಯವರ ಗೆರೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ನಾವು ಹಾಸ್ಟೆಲಿನಲ್ಲಿ ಒಂದು ದಿನ ಉಪ್ಪಿನಕಾಯಿ ಬಾಟಲಿ ಖಾಲಿ ಮಾಡಿದರೂ ಬಿಪಿ ಹೆಚ್ಚು ಕದಲುವುದಿಲ್ಲ. ಮಲಗಿದ ಗೆರೆಯಲ್ಲಿ ಹಾಗಲ್ಲ, ಉಪ್ಪು ಒಂದೆರಡು ಗ್ರಾಂ ಏರಿದರೆ ಒತ್ತಡ ದೂರ ಜಾರುತ್ತದೆ. ಉಲ್ಟಾ ಕೂಡ ನಿಜ, ಉಪ್ಪು ಇಳಿಸಿದರೆ ಅವರಿಗೆ ಸಿಗುವ ಲಾಭ ನಮಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಸುಮಾರು ಒಂದು ಟೀ ಚಮಚ. ನಮ್ಮ ಕಡೆಯ ಊಟ ನೆನಪಿಸಿಕೊಳ್ಳಿ. ಕುಚ್ಚಲಕ್ಕಿ ಗಂಜಿಗೆ ಒಂದು ಚಿಟಿಕೆ, ಪಕ್ಕದಲ್ಲಿ ಮಾವಿನ ಮಿಡಿ, ಒಣಮೀನಿನ ಚಟ್ನಿ, ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆ, ಹಪ್ಪಳ. "ನಾನು ಉಪ್ಪು ಜಾಸ್ತಿ ಹಾಕುವುದೇ ಇಲ್ಲ" ಅಂದ ದೊಡ್ಡಪ್ಪ ಸುಳ್ಳು ಹೇಳಿದ್ದಲ್ಲ. ಉಪ್ಪು ಅವರು ಹಾಕುವ ಮೊದಲೇ ತಟ್ಟೆಯಲ್ಲಿತ್ತು.

ರಾತ್ರಿ ಎದ್ದೇಳಿಸುತ್ತದೆ ಅಂತ ಅವರು ಬಿಟ್ಟದ್ದು ಮೂತ್ರ ಹೆಚ್ಚಿಸುವ ಮಾತ್ರೆ. ಈ ಸರಿದ ಗೆರೆಯನ್ನು ಸ್ವಲ್ಪ ಎಡಕ್ಕೆ ತಳ್ಳುವುದು ಅದೊಂದೇ ಕೆಲಸ ಅದಕ್ಕೆ: ಕಡಿಮೆ ಒತ್ತಡದಲ್ಲೇ ಉಪ್ಪು ಹೊರಬೀಳುವ ಹಾಗೆ ಮಾಡುವುದು. ರಾತ್ರಿಯ ತೊಂದರೆಗೆ ಎಷ್ಟೋ ಸಲ ಮಾತ್ರೆಯ ಹೊತ್ತು ಬದಲಾಯಿಸಿದರೆ ಸಾಕಾಗುತ್ತದೆ, ಡಾಕ್ಟರರ ಹತ್ತಿರ ಬಾಯಿಬಿಟ್ಟು ಕೇಳಬೇಕು ಅಷ್ಟೇ.

ಇನ್ನು ಕ್ರಿಯಾಟಿನಿನ್ ಏರಿಸಿದ ಆ ಎರಡನೇ ಮಾತ್ರೆ. ಇದರ ಕಥೆ ಹೆಚ್ಚು ರೋಚಕ.

ಕಿಡ್ನಿಗೂ ಬಿಪಿಗೂ ನಂಟು ಉಂಟು ಎಂಬ ಸುಳಿವು ಹಳೆಯದು. ಲಂಡನ್ನಿನ ರಿಚರ್ಡ್ ಬ್ರೈಟ್ 1836ರಲ್ಲೇ, ಕಿಡ್ನಿ ರೋಗದಿಂದ ಸತ್ತವರ ಹೃದಯ ದಪ್ಪಗಾಗಿರುವುದನ್ನು ದಾಖಲಿಸಿದ್ದರು. ಆಗ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಉಪಕರಣವೇ ಇರಲಿಲ್ಲ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯ ಸಾರವನ್ನು ಬೇರೆ ಮೊಲಗಳಿಗೆ ಚುಚ್ಚಿ ನೋಡಿದರು, ಒತ್ತಡ ಏರಿತು. ಆ ಪದಾರ್ಥಕ್ಕೆ ರೆನಿನ್ ಅಂತ ಹೆಸರಿಟ್ಟರು. ಜಗತ್ತು ಅದನ್ನು ಹೆಚ್ಚುಕಡಿಮೆ ಮರೆತೂಬಿಟ್ಟಿತು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಬೆಳ್ಳಿಯ ಕ್ಲಾಂಪ್ ಹಾಕಿ ಸ್ವಲ್ಪ ಬಿಗಿದರು. ಕಿಡ್ನಿಗೆ ರಕ್ತ ಕಡಿಮೆಯಾಯಿತು, ಇಡೀ ದೇಹದ ಒತ್ತಡ ಏರಿ ಕೂತಿತು.

ಯಾಕೆಂದರೆ ಪ್ರತಿ ನೆಫ್ರಾನಿನ ಬಾಗಿಲಲ್ಲೂ ಒಂದು ಪ್ರೆಶರ್ ಸೆನ್ಸರ್ ಕೂತಿದೆ. ಅಲ್ಲಿ ಒತ್ತಡ ಕಡಿಮೆ ಕಂಡರೆ ರೆನಿನ್ ಬಿಡುಗಡೆ. ರೆನಿನ್‌ನಿಂದ ಆಂಜಿಯೊಟೆನ್ಸಿನ್, ಅದು ರಕ್ತನಾಳಗಳನ್ನು ಹಿಂಡುತ್ತದೆ, ಬಾಯಾರಿಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಅಲ್ಡೊಸ್ಟೆರೋನ್ ಹೊರಡಿಸಿ ಉಪ್ಪನ್ನು ಹಿಡಿದಿಡಿಸುತ್ತದೆ. ಗಾಯವಾಗಿ ರಕ್ತ ಹರಿದು ಹೋದವನಿಗೆ ಇದು ಜೀವ ಉಳಿಸುವ ಏರ್ಪಾಡು. ಕಿಡ್ನಿ ರೋಗದಲ್ಲಿ ಆಗುವುದೇನೆಂದರೆ, ಗಾಯದ ಕಲೆಯ ಹಾಗೆ ಗಟ್ಟಿಯಾದ ಜಾಗಗಳಲ್ಲಿ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಮುಖ್ಯ ಲೈನಿನಲ್ಲಿ 170 ಇದೆ, ಕಿರಿದಾದ ಕೊಳವೆಯ ಆಚೆ ಕೂತ ಸೆನ್ಸರಿಗೆ ಮಾತ್ರ ಕಾಣುವುದು ಬರಗಾಲ. ಅದು "ಒತ್ತಡ ಸಾಲದು, ಸಾಲದು" ಅಂತ ಬೊಬ್ಬೆ ಹೊಡೆಯುತ್ತಲೇ ಇರುತ್ತದೆ. ಹೀಗಾಗಿ ದೇಹದಲ್ಲಿ ನೀರು ತುಂಬಿರುವಾಗ ಸೊನ್ನೆಗೆ ಇಳಿಯಬೇಕಿದ್ದ ರೆನಿನ್ ಇಳಿಯುವುದೇ ಇಲ್ಲ. ಪ್ರಮಾಣ ನೋಡಿದರೆ "ನಾರ್ಮಲ್", ಸಂದರ್ಭ ನೋಡಿದರೆ ವಿಪರೀತ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 20 ಲಕ್ಷ ನೆಫ್ರಾನ್‌ಗಳಲ್ಲಿ 15 ಲಕ್ಷ ಸತ್ತರೆ, ಉಳಿದ ಐದು ಲಕ್ಷ ಎಲ್ಲರ ಪಾಲಿನ ಕೆಲಸ ಮಾಡಲು ನೋಡುತ್ತವೆ. ಒಂದೊಂದರ ಸೋಸುಗಂಟಿನ ಒಳಗೂ ಒತ್ತಡ ಏರುತ್ತದೆ. ಏರಿಸುವ ಉಪಾಯ ಸರಳ: ಹೊರಗೆ ಹೋಗುವ ಬದಿಯ ವಾಲ್ವನ್ನು ಆಂಜಿಯೊಟೆನ್ಸಿನ್ ಬಿಗಿಯುತ್ತದೆ, ಒಳಗಿನ ಒತ್ತಡ ಹೆಚ್ಚುತ್ತದೆ, ಸೋಸುವಿಕೆ ಮೇಲೇರುತ್ತದೆ. ಕೆಲವು ವರ್ಷ ಇದು ನಡೆಯುತ್ತದೆ, ರಿಪೋರ್ಟೂ ಪರವಾಗಿಲ್ಲ ಅನ್ನಿಸುತ್ತದೆ. ಆಮೇಲೆ ಆ ಹೆಚ್ಚಿನ ಒತ್ತಡಕ್ಕೇ ಅವೂ ಹರಿದು ಗಟ್ಟಿಯಾಗುತ್ತವೆ. ಉಳಿದವು ನಾಲ್ಕು ಲಕ್ಷ, ಅವುಗಳ ಮೇಲೆ ಇನ್ನೂ ಹೊರೆ. ಕಿಡ್ನಿ ಕೆಟ್ಟು ಬಿಪಿ, ಬಿಪಿಯಿಂದ ಕಿಡ್ನಿ ಇನ್ನೂ ಕೆಟ್ಟು ಇನ್ನಷ್ಟು ಬಿಪಿ. ಪಾಸಿಟಿವ್ ಫೀಡ್‌ಬ್ಯಾಕ್ ಎಂದರೆ ಏನೆಂದು ಕೇಳುವ ಜೂನಿಯರ್‌ಗಳಿಗೆ ನಾವಿನ್ನು ಮೈಕಿನ ಕೀರಲು ಸದ್ದಿನ ಉದಾಹರಣೆ ಕೊಡುವುದಿಲ್ಲ.

ದೊಡ್ಡಪ್ಪ ನಿಲ್ಲಿಸಿದ ಎರಡನೇ ಮಾತ್ರೆ ಈ ಸುತ್ತನ್ನೇ ಕತ್ತರಿಸುವಂಥದ್ದು, ಆಂಜಿಯೊಟೆನ್ಸಿನ್ನಿನ ಕೈ ಕಟ್ಟುವ ಗುಂಪಿನದು. ಹೊರಬದಿಯ ವಾಲ್ವು ಸಡಿಲವಾಗುತ್ತದೆ, ನೆಫ್ರಾನಿನ ಒಳಗಿನ ಒತ್ತಡ ಇಳಿಯುತ್ತದೆ. ಸಹಜವಾಗಿಯೇ ಮೊದಲ ವಾರಗಳಲ್ಲಿ ಸೋಸುವಿಕೆ ಸ್ವಲ್ಪ ಕಡಿಮೆಯಾಗಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಓವರ್‌ಲೋಡಿನಲ್ಲಿ ಓಡುತ್ತಿದ್ದ ಮೋಟಾರನ್ನು ರೇಟೆಡ್ ಲೋಡಿಗೆ ತಂದಾಗ ಔಟ್‌ಪುಟ್ ಕಡಿಮೆ ಕಂಡ ಹಾಗೆ. ಈ ಏರಿಕೆ ಶೇ 30ರ ಒಳಗಿದ್ದರೆ ಸಾಮಾನ್ಯವಾಗಿ ಡಾಕ್ಟರುಗಳು ಮಾತ್ರೆ ನಿಲ್ಲಿಸುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇರೆ ಕಾರಣ ಹುಡುಕುತ್ತಾರೆ. ಪೊಟ್ಯಾಸಿಯಂ ಕೂಡ ಏರಬಹುದು, ಅದಕ್ಕೇ ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ರಕ್ತ ಪರೀಕ್ಷೆ. ಇಷ್ಟನ್ನು ಮಾತ್ರೆ ಕೊಡುವಾಗಲೇ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ದೊಡ್ಡಪ್ಪ ಅದನ್ನು ನಿಲ್ಲಿಸುತ್ತಿರಲಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಹೊರಗೆ ಸಾಲಿನಲ್ಲಿ ಎಂಬತ್ತು ಜನ ಕೂತಿರುವಾಗ ಆ ಎರಡು ನಿಮಿಷ ಎಲ್ಲಿಂದ ಬರಬೇಕು ಎನ್ನುವುದೂ ನಮಗೆ ಗೊತ್ತು. (ಈ ಜಾತಿಯ ಔಷಧಿಗಳ ಹುಡುಕಾಟಕ್ಕೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಜರಾರಾಕಾ ಎಂಬ ಮಂಡಲದ ಹಾವಿನ ವಿಷ. ಕಚ್ಚಿಸಿಕೊಂಡವರ ಬಿಪಿ ಏಕೆ ಕುಸಿಯುತ್ತದೆ ಎಂದು ಹುಡುಕುತ್ತಾ ಹೋದವರು ಕ್ಯಾಪ್ಟೊಪ್ರಿಲ್ ತನಕ ತಲುಪಿದರು.)

ಇನ್ನುಳಿದ ಎರಡು ಮಾತ್ರೆಗಳಿಗೂ ತಮ್ಮದೇ ಕಾರಣಗಳಿವೆ. ಒಂದು ನರಗಳದ್ದು. ಗಾಯಗೊಂಡ ಕಿಡ್ನಿ ರಾಸಾಯನಿಕ ಮಾತ್ರ ಕಳಿಸುವುದಿಲ್ಲ, ನರಗಳ ಮೂಲಕ ನೇರ ಮೆದುಳಿಗೆ ಫೋನು ಮಾಡುತ್ತದೆ. ಮೆದುಳು ಇಡೀ ದೇಹದ ಸಿಂಪಥೆಟಿಕ್ ನರಗಳನ್ನು ಎಬ್ಬಿಸಿ ಕೂರಿಸುತ್ತದೆ. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡಯಾಲಿಸಿಸ್ ರೋಗಿಗಳ ಕಾಲಿನ ನರಕ್ಕೆ ಸೂಜಿಯಂಥ ಎಲೆಕ್ಟ್ರೋಡ್ ಇಟ್ಟು ಅಳೆದರು. ಆರೋಗ್ಯವಂತರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಿಗ್ನಲ್. ಕೆಟ್ಟ ಕಿಡ್ನಿಗಳೆರಡನ್ನೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದವರಲ್ಲಿ ಮಾತ್ರ ಆ ಗದ್ದಲ ಇರಲಿಲ್ಲ, ಸಿಗ್ನಲ್ ಆರೋಗ್ಯವಂತರಷ್ಟೇ. ಕೆಲಸ ನಿಂತ ಮೇಲೂ ದೂರು ನಿಲ್ಲಿಸದ ಅಂಗ! ರಾತ್ರಿ ನಿದ್ದೆಯಲ್ಲಿ ನಮ್ಮ ಬಿಪಿ ಹತ್ತು–ಇಪ್ಪತ್ತು ಪರ್ಸೆಂಟ್ ಇಳಿಯಬೇಕು. ಕಿಡ್ನಿ ರೋಗಿಗಳಲ್ಲಿ ಅನೇಕರಿಗೆ ಇಳಿಯುವುದಿಲ್ಲ, ಅದಕ್ಕೆ ಇದೂ ಒಂದು ಕಾರಣ. ಹಗಲು ಕ್ಲಿನಿಕ್ಕಿನಲ್ಲಿ ಅಳೆದ ಅಂಕಿ ಅಷ್ಟಾಗಿ ನಂಬಿಕೆಗೆ ಅರ್ಹವಲ್ಲ ಎಂಬುದಕ್ಕೂ.

ಇನ್ನೊಂದು ಕೊಳವೆಗಳದ್ದೇ ಸಮಸ್ಯೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟು ಗೋಡೆಯನ್ನು ಸಡಿಲವಾಗಿಡುತ್ತದೆ (1998ರ ನೊಬೆಲ್ ಇದೇ ವಿಷಯಕ್ಕೆ). ಕಿಡ್ನಿ ಹೊರಹಾಕಬೇಕಾದ ಕೆಲವು ಪದಾರ್ಥಗಳು ರಕ್ತದಲ್ಲೇ ಉಳಿದಾಗ ಅದರ ಉತ್ಪಾದನೆಗೆ ಅಡ್ಡಿ ಮಾಡುತ್ತವೆ. ನಾಳ ಕಿರಿದಾಗುತ್ತದೆ. ಪೊಯ್ಸೆಲ್ ನಿಯಮ ಮರೆತಿಲ್ಲ ತಾನೆ? ತ್ರಿಜ್ಯದ ನಾಲ್ಕನೇ ಘಾತ. ಹತ್ತೇ ಪರ್ಸೆಂಟ್ ಕಿರಿದಾದರೂ ರೋಧ ಅರ್ಧಕ್ಕರ್ಧ ಹೆಚ್ಚು. ಇದರ ಮೇಲೆ, ಹೊರಹೋಗದೆ ಉಳಿದ ಫಾಸ್ಫರಸ್ ಕ್ಯಾಲ್ಸಿಯಂ ಜೊತೆ ಸೇರಿ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುತ್ತದೆ, ಹಳೇ ಬೋರ್‌ವೆಲ್ ಪೈಪಿನ ಹಾಗೆ. ಮಹಾಧಮನಿ ಒಂದು ಕೆಪಾಸಿಟರ್. ಹೃದಯದ ಪ್ರತಿ ಬಡಿತದ ಏರಿಳಿತವನ್ನು ಹೀರಿ ಸಮ ಮಾಡುತ್ತದೆ. ಗೋಡೆ ಗಟ್ಟಿಯಾದರೆ ಕೆಪಾಸಿಟನ್ಸ್ ಹೋಯಿತು, ರಿಪಲ್ ಹೆಚ್ಚಿತು: ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ.

ಮನುಷ್ಯರು ಕೈಯಾರೆ ಸೇರಿಸುವ ಕಾರಣಗಳೂ ಉಂಟು, ಮತ್ತು ನಮ್ಮ ಊರುಗಳಲ್ಲಿ ಅದರದ್ದೇ ದೊಡ್ಡ ಕಥೆ. ಮರ ಹತ್ತಿ, ಗೊಬ್ಬರ ಹೊತ್ತು, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್ ಮಾಡಿ ಸೊಂಟ, ಮೊಣಕಾಲು ಹಿಡಿದವರು ಪೇಟೆಗೆ ಹೋದಾಗ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯ ಸ್ಟ್ರಿಪ್ಪು ತಂದಿಟ್ಟುಕೊಳ್ಳುತ್ತಾರೆ. ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುವ ಪದಾರ್ಥವನ್ನೇ ಇವು ತಡೆಯುತ್ತವೆ. ಉಪ್ಪು ಉಳಿಯುತ್ತದೆ, ಬಿಪಿ ಮಾತ್ರೆಗಳ ಪರಿಣಾಮ ತಗ್ಗುತ್ತದೆ. ಬಿಪಿ ಮಾತ್ರೆ ಎರಡನ್ನು ಬಿಟ್ಟ ದೊಡ್ಡಪ್ಪ ನೋವಿನ ಮಾತ್ರೆಯನ್ನು ಬಿಟ್ಟಿರಲಿಲ್ಲ. ಹಾಗೆಯೇ "ಕಡಿಮೆ ಸೋಡಿಯಂ" ಅಂತ ಮಾರುವ ಉಪ್ಪು. ಅದರಲ್ಲಿ ಸೋಡಿಯಂನ ಜಾಗಕ್ಕೆ ಬಂದಿರುವುದು ಪೊಟ್ಯಾಸಿಯಂ. ನಮಗೆ ಒಳ್ಳೆಯದಿರಬಹುದು, ಕಿಡ್ನಿ ವೈಫಲ್ಯ ಇದ್ದವರ ಹೃದಯ ಅದರಿಂದ ನಿಂತೇ ಹೋಗಬಹುದು. ತಂಪು ಅಂತ ಕುಡಿಸುವ ಬೊಂಡದ ನೀರಿಗೂ ಇದೇ ಮಾತು. ರಕ್ತಹೀನತೆಗೆ ಕೊಡುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಕೂಡ ಕೆಲವರಲ್ಲಿ ಬಿಪಿ ಏರಿಸುತ್ತದೆ, ಆದರೆ ಅದು ಬೇಕಾದ ಔಷಧಿ, ಅಳತೆ ನೋಡಿ ಕೊಡುತ್ತಾರೆ.

ಇಷ್ಟೆಲ್ಲ ಕಾರಣಗಳಲ್ಲಿ ಯಾವುದು ದೊಡ್ಡದು ಅಂತ ನಮ್ಮೊಳಗೆ ಚರ್ಚೆ ಆಯಿತು. ಡಯಾಲಿಸಿಸ್‌ನ ಅನುಭವ ಉಪ್ಪು–ನೀರಿನ ಕಡೆಗೇ ಬೆರಳು ತೋರಿಸುತ್ತದೆ. ಫ್ರಾನ್ಸಿನ ತಾಸೆನ್ ಎಂಬಲ್ಲಿ ವಾರಕ್ಕೆ ಮೂರು ಸಲ, ಸಾಮಾನ್ಯ ನಾಲ್ಕು ಗಂಟೆಯ ಬದಲು ಎಂಟು ಗಂಟೆ ನಿಧಾನವಾಗಿ ಡಯಾಲಿಸಿಸ್ ಮಾಡಿ, ಕಡಿಮೆ ಉಪ್ಪಿನ ಊಟ ಕೊಟ್ಟು ಹೆಚ್ಚುವರಿ ನೀರನ್ನು ಪೂರ್ತಿ ತೆಗೆಯುತ್ತಿದ್ದರು. ಅಲ್ಲಿನ ಬಹುಪಾಲು ರೋಗಿಗಳಿಗೆ ಬಿಪಿ ಮಾತ್ರೆಯೇ ಬೇಕಾಗಲಿಲ್ಲ. ನೀರು ತೆಗೆದ ಕೂಡಲೇ ಒತ್ತಡ ಇಳಿಯಲಿಲ್ಲ, ವಾರಗಳು, ತಿಂಗಳುಗಳು ಹಿಡಿದವು ಎನ್ನುವುದೂ ಗಮನಿಸಬೇಕಾದ್ದೇ. ಟೈಮ್ ಕಾನ್‌ಸ್ಟಂಟ್ ದೊಡ್ಡದಿರುವ ವ್ಯವಸ್ಥೆ. ನಾಲ್ಕು ದಿನ ಉಪ್ಪು ಬಿಟ್ಟು "ಎಂತದೂ ಆಗ್ಲಿಲ್ಲ" ಅನ್ನುವವರಿಗೆ ಹೇಳಬೇಕಾದ ಮಾತು.

ಮುಂದಿನ ಸಲ ನೆರಿಯಕ್ಕೆ ಹೋದಾಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೈಟನ್ನನ ಎರಡು ಗೆರೆ ಎಳೆದು ತೋರಿಸಿದೆವು. ಪೈಪ್‌ಲೈನಿನ ಹೋಲಿಕೆ ಅವರಿಗೆ ತಕ್ಷಣ ಹಿಡಿಸಿತು. "ಅಲ್ಲಿ ಒತ್ತಡ ಎಷ್ಟು ಬೇಕೂಂತ ಆಪರೇಟರ್ ನೋಡ್ತಾನೆ. ಇಲ್ಲಿ ಕೆಟ್ಟ ಕಿಡ್ನಿಯೇ ಆಪರೇಟರ್ರು, ಅಲ್ವಾ?" ಅಂದರು. ನಮಗಿಂತ ಚೆನ್ನಾಗಿ ಹೇಳಿದರು. ಅಷ್ಟರಲ್ಲಿ ಅವರು ಡಾಕ್ಟರಿಗೆ ಎಲ್ಲ ತಿಳಿಸಿ ಬಂದಿದ್ದರು. ಮೂತ್ರದ ಮಾತ್ರೆ ಬೆಳಗಿನ ಹೊತ್ತಿಗೆ ಬಂದಿತ್ತು, ಇನ್ನೊಂದು ಕಡಿಮೆ ಡೋಸಿನಲ್ಲಿ ಮತ್ತೆ ಶುರುವಾಗಿತ್ತು, ನೋವಿನ ಸ್ಟ್ರಿಪ್ಪು ಮನೆಯಿಂದ ಹೊರಗೆ ಹೋಗಿತ್ತು.

ಬಲಕ್ಕೆ ಸರಿದ ಗೆರೆಯ ಮೇಲೆ ಬೆರಳಿಟ್ಟು, ಇದು ಪುನಃ ಎಡಕ್ಕೆ ಬರ್ತದಾ ಅಂತ ಕೇಳಿದರು. ಪೂರ್ತಿ ಬರುವುದಿಲ್ಲ ದೊಡ್ಡಪ್ಪ ಅಂದೆವು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಅಡ್ಡ ಗೆರೆಯನ್ನು ತೋರಿಸಿ, ಇದು? ಅದು ಉಪ್ಪಿನ ಗೆರೆ, ಕೆಳಗೆ ತರಬಹುದು. ಅವರು ಒಳಗೆ ತಿರುಗಿ, "ಕೇಳಿತಾ, ಈ ವರ್ಷ ಉಪ್ಪುಸೊಳೆ ಸಣ್ಣ ಭರಣಿಯಲ್ಲಿ ಹಾಕಿದ್ರೆ ಸಾಕು, ಮಕ್ಕಳಿಗೆ ಮಾತ್ರ" ಅಂದರು. ದೊಡ್ಡಮ್ಮ ಒಳಗಿಂದಲೇ, ಅದನ್ನು ನಾನು ಮೂರು ವರ್ಷದಿಂದ ಹೇಳ್ತಾ ಇದ್ದೇನೆ, ಇವರಿಗೆ ಗೆರೆ ಎಳೆದು ತೋರಿಸ್ಬೇಕಿತ್ತಾ ಅಂತ ಕೇಳಿದರು.